ಲ್ಯಾಬ್ ಸಾಬ್ರು ಮತ್ತು ಎರಡು ಹನಿ ರಕ್ತ

ಆಸ್ಪತ್ರೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ರೋಗಿಗಳಿಗೆ, ನರ್ಸುಗಳಿಗೆ, ಕಸ ಗುಡಿಸುವವರಿಗೆ, ಎಲ್ಲರಿಗೂ ಅವರು ಲ್ಯಾಬ್ ಸಾಬ್ರು. ನಾನೂ ಹಾಗೆಯೇ ಕರೆದೆ. ಈಗ ಅವರಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಹೊರಟಿರುವುದರಲ್ಲಿ ಅವರು ಮಾಡಿದ್ದು ಎಷ್ಟಿದೆಯೋ ನಾನು ಮಾಡಿದ್ದೂ ಅಷ್ಟೇ ಇದೆ.

ಎಂಬತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದ ಅಂಚಿನಲ್ಲಿ ಒಂದು ಧರ್ಮಸಂಸ್ಥೆಯವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ನಾನು ಮಕ್ಕಳ ಡಾಕ್ಟರಾಗಿ ಬಂದೆ. ಆ ಆಸ್ಪತ್ರೆ ಮುಚ್ಚಿ ಬಹಳ ವರ್ಷಗಳಾದವು. ಮಕ್ಕಳ ವಾರ್ಡೆಂದರೆ ಒಂದು ಉದ್ದನೆಯ ಕೋಣೆ. ಅದರ ಕೊನೆಗೆ ಹಿಂದೆ ಉಗ್ರಾಣವಾಗಿದ್ದ ಪುಟ್ಟ ಕೊಠಡಿಯೇ ಲ್ಯಾಬ್. ಕಿಟಕಿ ತೆಗೆದರೆ ಗೂಡಿನಿಂದ ನೂಲು ತೆಗೆಯುವ ರೀಲರುಗಳ ಕೇರಿಯಿಂದ ಬೆಂದ ರೇಷ್ಮೆಹುಳುವಿನ ನಾತ ನೇರವಾಗಿ ಒಳಗೆ ಬರುತ್ತಿತ್ತು. ನಾನು ಸೆರಗು ಮೂಗಿಗೆ ಹಿಡಿದುಕೊಳ್ಳುತ್ತಿದ್ದೆ. ಸಾಬ್ರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಅವರು ಹುಟ್ಟಿದ್ದೇ ಆ ಕೇರಿಯಲ್ಲಿ.

ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಐವತ್ತು ದಾಟಿರಲಿಲ್ಲ, ಗಡ್ಡ ಮಾತ್ರ ಪೂರ್ತಿ ನರೆತಿತ್ತು. ಬಿಳಿ ಕೋಟಿನ ಮುಂಭಾಗದ ತುಂಬ ಆಸಿಡ್ ಸಿಡಿದು ಆದ ತೂತುಗಳು. ಹುಡುಗತನದಿಂದ ಎಷ್ಟೋ ವರ್ಷ ನೂಲು ಬಿಚ್ಚುವ ಕೆಲಸ ಮಾಡಿದ್ದರಿಂದ ಬೆರಳ ತುದಿಗಳು ಬಿಳಿಚಿ, ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಒಣಗಿ ಕಡ್ಡಿಯಾದ ಮಗುವಿನ ಕೈಯಲ್ಲಿ ನರ ಸಿಗದೆ ನಾನು ಎರಡು ಸಲ ಚುಚ್ಚಿ ಸೋತರೆ ಅವರು ಬಂದು, ಕಣ್ಣು ಬೇರೆ ಕಡೆ ಇಟ್ಟು, ಆ ಬೆರಳುಗಳಿಂದ ಮೊಣಕೈಯ ಒಳಭಾಗ ತಡವುತ್ತಿದ್ದರು.

“ಕುದಿಯೋ ನೀರಲ್ಲಿ ಎಳೆ ಹುಡುಕಿದ ಕೈ ಇದು, ಡಾಕ್ಟ್ರಮ್ಮ. ಇಲ್ಲಿ ಸಿಗದೆ ಎಲ್ಲಿ ಹೋಗ್ತದೆ?” ಎನ್ನುತ್ತಿದ್ದರು. ಸಿಕ್ಕೇ ಸಿಗುತ್ತಿತ್ತು.

ಸಿಹಿ ಮಾತಿನ ಜನವಲ್ಲ. ರಕ್ತದ ಶೀಷೆಗೆ ಚೀಟಿ ಅಂಟಿಸದೆ ಕಳಿಸಿದರೆ ನರ್ಸು ಅಳುವಂತೆ ಬಯ್ಯುತ್ತಿದ್ದರು. ಬೆಂಗಳೂರಿಗೆ ಹೋಗಿ ಬರುತ್ತಿದ್ದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ಒಮ್ಮೆ ಕೊಲೆಸ್ಟರಾಲ್ ನೋಡಿಸಲು ಬಂದರು. ಆಗ ಅದು ಹೊಸ ಮಾತು, ಉಳ್ಳವರ ಮಾತು. ಫಲಿತಾಂಶ ಕೇಳಿ ಅವರ ಮುಖ ಇಳಿಯಿತು. “ತುಪ್ಪ ಬಿಡಬೇಕಾ ಸಾಬ್ರೆ?” ಎಂದರು. “ಬಿಡೋದೇನು ಬೇಡ, ಆ ಬಾಗಿಲಾಚೆ ಇರೋ ಮಕ್ಕಳಿಗೆ ಕಳಿಸಿಕೊಡಿ” ಎಂದರು ಸಾಬ್ರು, ನಗದೆ. ವ್ಯಾಪಾರಿ ತಮಾಷೆ ಎಂದುಕೊಂಡು ನಕ್ಕು ಹೋದರು.

ನಾನು ಬಂದ ಮೂರನೆಯ ತಿಂಗಳು ಸಾದಲಿ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಎರಡು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ತಿಂಗಳ ಹಿಂದೆ ದಡಾರ ಎದ್ದಿತ್ತಂತೆ. ದಡಾರ ಹೋಯಿತು, ಭೇದಿ ನಿಂತಿರಲಿಲ್ಲ, ಹೊಟ್ಟೆಗೇನೂ ಹೋಗುತ್ತಿಲ್ಲ ಎಂದಳು. ಮಗು ಎಲುಬು ತೊಗಲಾಗಿತ್ತು. ತೊಡೆಯ ಚರ್ಮ ದೊಡ್ಡವರ ಚಡ್ಡಿ ತೊಡಿಸಿದಂತೆ ಜೋಲುತ್ತಿತ್ತು. ಥರ್ಮಾಮೀಟರ್ ಇಟ್ಟೆ. ಜ್ವರ ಇರಲಿಲ್ಲ. ಇದು ಬರಿಯ ಹಸಿವು, ಭೇದಿ ನಿಲ್ಲಿಸಿ ಮೆಲ್ಲಗೆ ತಿನ್ನಿಸಿದರೆ ಸರಿಹೋಗುತ್ತದೆ ಎಂದು ನಿರ್ಧರಿಸಿ, ರಕ್ತ ಪರೀಕ್ಷೆಗೆ ಬರೆದು, ಅಲ್ಲಿಯ ತನಕ ಏನೂ ಕೊಡಬೇಡ ಎಂದು ತಾಯಿಗೆ ಹೇಳಿ ಮುಂದಿನ ಹಾಸಿಗೆಗೆ ಹೋದೆ.

ಅರ್ಧ ಗಂಟೆಯಲ್ಲಿ ಸಾಬ್ರು ತಾವೇ ವಾರ್ಡಿಗೆ ಬಂದರು. ಕೈಯಲ್ಲಿ ಒಂದು ಗಾಜಿನ ನಳಿಕೆ. ಕೆಳಗೆ ಕೆಂಪು ರಕ್ತ ಕೂತಿತ್ತು. ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಾದ ನೀರು ಬೆಳ್ಳಗೆ, ಹಾಲಿನಂತೆ ನಿಂತಿತ್ತು.

“ಇದನ್ನ ಸ್ವಲ್ಪ ನೋಡಿ. ಮಗು ಹೊಟ್ಟೆಗೇನೂ ಹೋಗಿಲ್ಲ ಅಂತೀರಿ, ರಕ್ತದಲ್ಲಿ ಇಷ್ಟು ಕೊಬ್ಬು ತೇಲ್ತಾ ಐತೆ.”

ಓದಿದ್ದ ಒಂದೇ ಕಾರಣ ನನಗೆ ಹೊಳೆಯಿತು. ಹೊಟ್ಟೆ ತುಂಬ ಹಾಲೋ ಕೊಬ್ಬಿನ ಊಟವೋ ಆದ ಮೇಲೆ ತೆಗೆದ ರಕ್ತ ಹೀಗಿರುತ್ತದೆ. ತಾಯಿ ನನಗೆ ಸುಳ್ಳು ಹೇಳಿದ್ದಾಳೆ. ಏನೂ ಕೊಡಬೇಡ ಎಂದಿದ್ದರೂ ಕೊಟ್ಟಿದ್ದಾಳೆ. ಇಡೀ ವಾರ್ಡಿನ ಎದುರಿಗೆ ಅವಳನ್ನು ಬಯ್ದೆ.

“ಏಮೀ ಇಯ್ಯಲೇದಮ್ಮಾ,” ಎಂದಳು ಆಕೆ ತೆಲುಗಿನಲ್ಲಿ. ಆಮೇಲೆ ನನಗೆ ತಿಳಿಯಲಿಲ್ಲವೇನೋ ಎಂದುಕೊಂಡು ಕನ್ನಡದಲ್ಲಿ, “ಏನೂ ಕೊಟ್ಟಿಲ್ಲಮ್ಮಾ. ಮೂರು ದಿನದಿಂದ ನೀರು ಬಿಟ್ರೆ ಏನೂ ಇಳೀತಿಲ್ಲ. ದೇವರಾಣೆ.”

“ರಕ್ತ ಸುಳ್ಳು ಹೇಳತ್ತಾ?” ಎಂದೆ ನಾನು.

ಸಾಬ್ರು ಮಗುವಿನ ಪಾದ ಮುಟ್ಟಿ ನೋಡುತ್ತಿದ್ದರು. “ಕಾಲು ತಣ್ಣಗೈತೆ ಡಾಕ್ಟ್ರಮ್ಮ. ಜ್ವರ ಬರೋಕೂ ಮೈಯಲ್ಲಿ ಕಸುವು ಬೇಕು. ಆ ತಾಯಿ ನಿಜ ಹೇಳ್ತಿರಬೋದು. ಹಿಂದೆ ಒಂದೆರಡು ಮಕ್ಕಳಲ್ಲಿ ಹಿಂಗೇ ನೋಡಿದೀನಿ. ಒಳಗೆ ಸೋಂಕು ಇತ್ತು.”

ಲ್ಯಾಬಿನವರು ನನಗೆ ಹೇಳಿಕೊಡಬೇಕೆ ಎನ್ನಿಸಿತು. “ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ತೆಗೆಯಿರಿ. ಆಮೇಲೆ ನೋಡೋಣ” ಎಂದೆ. ಸೋಂಕಿಗೆ ಕೊಡಬೇಕಾದ ಇಂಜೆಕ್ಷನ್ ಆವತ್ತು ಬರೆಯಲಿಲ್ಲ.

ಮರುದಿನ ಎಂಟಕ್ಕೆ ನಾನು ಬಂದಾಗ ಆ ಹಾಸಿಗೆ ಖಾಲಿಯಿತ್ತು. ಲ್ಯಾಬಿನಲ್ಲಿ ಸಾಬ್ರೂ ಇರಲಿಲ್ಲ. ಬೆಳಗ್ಗೆ ರಕ್ತ ತೆಗೆಯಲು ಹೋದವರೇ ಮಗು ಹೋಗಿರುವುದನ್ನು ಮೊದಲು ನೋಡಿದ್ದರು. ಮಧ್ಯಾಹ್ನ ಬಂದರು. “ಖಾಲಿ ಹೊಟ್ಟೆ ರಕ್ತ ಸಿಗಲಿಲ್ಲ” ಎಂದಷ್ಟೇ ಹೇಳಿ ಕೋಟು ತೊಟ್ಟುಕೊಂಡರು. ಉಳಿದದ್ದನ್ನು ಹೇಳಿದ್ದು ನರ್ಸು. ಸತ್ತ ಮಗುವೆಂದು ಗೊತ್ತಾದರೆ ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ. ತಾಯಿ ಅದನ್ನು ಸೆರಗಿನಲ್ಲಿ ಸುತ್ತಿ, ಮಲಗಿದೆ ಎಂಬಂತೆ ಹೆಗಲಿಗೆ ಹಾಕಿಕೊಂಡಳಂತೆ. ಕಂಡಕ್ಟರು ಮಾತಾಡಿಸಿದರೆ ಉತ್ತರ ಹೇಳಲು ಯಾರಾದರೂ ಬೇಕಲ್ಲ ಎಂದು ಸಾಬ್ರು ಅವಳ ಊರಿನ ತನಕ ಜೊತೆಯಲ್ಲಿ ಹೋಗಿದ್ದರು.

ಆ ವಾರ ನಾನು ಬೆಂಗಳೂರಿಗೆ ಹೋಗಿ ಕಾಲೇಜಿನ ಲೈಬ್ರರಿಯಲ್ಲಿ ಕೂತೆ. ಸಾಬ್ರು ಗಾಜಿನ ನಳಿಕೆಯಲ್ಲಿ ಕಂಡದ್ದು ಅಲ್ಲಿ ಅಚ್ಚಾಗಿತ್ತು. ಸೋಂಕು ಹೊಕ್ಕ ಮೈ ತನ್ನಲ್ಲಿರುವ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ; ಆದರೆ ಹಾಗೆ ಬಂದದ್ದನ್ನು ರಕ್ತದಿಂದ ತೆಗೆದು ಬಳಸಿಕೊಳ್ಳುವ ಶಕ್ತಿ ಕುಗ್ಗಿಹೋಗಿರುತ್ತದೆ. ಹಸಿದ ಮಗುವಿನ ರಕ್ತ ಹೀಗೆ ಬೆಳ್ಳಗಾಗಬಹುದು. ಊಟ ಹೆಚ್ಚಾಗಿ ಅಲ್ಲ. ತಾಯಿ ಹೇಳಿದ್ದು ನಿಜವಿತ್ತು. ಕ್ಷಮೆ ಕೇಳಲು ಅವಳ ಊರಿನ ಹೆಸರನ್ನೂ ನಾನು ಸರಿಯಾಗಿ ಬರೆದುಕೊಂಡಿರಲಿಲ್ಲ.

ವಾಪಸು ಬಂದು ಸಾಬ್ರಿಗೆ ಹೇಳಿದೆ. ಗೆದ್ದವರ ಹಾಗೆ ಅವರು ಏನೂ ಆಡಲಿಲ್ಲ. ಸ್ಟವ್ ಮೇಲಿಟ್ಟಿದ್ದ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿದರು. ಅವರ ಮನೆಯ ಕಥೆ ನನಗೆ ಗೊತ್ತಾದದ್ದು ಅವತ್ತೇ.

“ನಮ್ಮ ದೊಡ್ಡ ಮಗಳು. ಆಗ ನಾನಿನ್ನೂ ರೀಲಿಂಗಿನಲ್ಲಿದ್ದೆ. ದಡಾರ ಬಂತು. ಈ ಕಡೆ ಗೊತ್ತಲ್ಲ, ಅಮ್ಮ ಬಂದ ಮನೇಲಿ ಒಗ್ಗರಣೆ ಹಾಕಲ್ಲ, ಎಣ್ಣೆ ಮುಟ್ಟಲ್ಲ. ನಾವು ಮುಸ್ಲಿಮರಾದ್ರೂ ಕೇರಿ ಒಂದೇ, ಪಥ್ಯ ಒಂದೇ. ಬರೀ ಗಂಜಿ ನೀರು. ಒಂದು ತಿಂಗಳಾದ ಮೇಲೆ ಮಗು ಮೈ ತುಂಬ್ಕೊಳ್ತು. ಕೆನ್ನೆ, ಕೈ, ಕಾಲು, ಎಲ್ಲಾ ದುಂಡಗೆ. ಕೂದಲು ಕೆಂಚಗಾಯ್ತು. ಎಷ್ಟು ಚಂದ ಆಗಿದಾಳೆ ಅಂದ್ರು ಜನ. ನಮ್ಮವಳು ದೃಷ್ಟಿ ಆಗತ್ತೆ ಅಂತ ಕೆನ್ನೆಗೆ ಕಾಡಿಗೆ ಚುಕ್ಕಿ ಇಟ್ಳು.” ಆರಿದ ಚಹಾ ಒಂದು ಗುಟುಕು ಕುಡಿದರು. “ಅದು ಊತ ಅಂತ ನಮಗೆ ಹೇಳೋರು ಯಾರೂ ಇರಲಿಲ್ಲ. ಚುಕ್ಕಿ ಇಟ್ಟ ವಾರಕ್ಕೆ ಹೋದ್ಳು.”

ಮಗು ಸತ್ತ ಮೇಲೆ ಅವರು ರೀಲಿಂಗ್ ಬಿಟ್ಟು ಆಸ್ಪತ್ರೆಗೆ ಜವಾನರಾಗಿ ಸೇರಿದರು. ಶೀಷೆ ತೊಳೆಯುತ್ತ ಕಲಿತರು. ತರಬೇತಿಗೆ ಹೋಗಿ ಬಂದು ಲ್ಯಾಬಿನವರಾದರು.

ಆಮೇಲಿನ ಒಂದು ವರ್ಷ ನನ್ನ ವೃತ್ತಿಯಲ್ಲೇ ಒಳ್ಳೆಯ ವರ್ಷ. ಊದಿಕೊಂಡು ಬರುವ ಮಕ್ಕಳ ಕೊಲೆಸ್ಟರಾಲನ್ನು ಅವರು ನೋಡತೊಡಗಿದರು. ಆ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಇದ್ದಷ್ಟೂ ಬಣ್ಣ ಗಾಢವಾಗಿ ಏರುತ್ತದೆ. ಈ ಮಕ್ಕಳ ನಳಿಕೆಯಲ್ಲಿ ಬಣ್ಣ ಎಷ್ಟು ತೆಳುವಾಗಿರುತ್ತಿತ್ತೆಂದರೆ ಪರೀಕ್ಷೆ ತಪ್ಪಿತೇನೋ ಎಂದು ಮೊದಮೊದಲು ಎರಡೆರಡು ಸಲ ಮಾಡುತ್ತಿದ್ದರು. ತಪ್ಪಿರಲಿಲ್ಲ. ಕೊಬ್ಬನ್ನು ರಕ್ತದಲ್ಲಿ ಹೊತ್ತು ಸಾಗಿಸಲು ಬೇಕಾದ ಪ್ರೋಟೀನಿನ ಕಣಗಳನ್ನು ಕಟ್ಟಲು ಆ ಮಕ್ಕಳ ಪಿತ್ತಜನಕಾಂಗಕ್ಕೆ ಸಾಮಗ್ರಿಯೇ ಇರಲಿಲ್ಲ. ಕೊಬ್ಬು ಅಲ್ಲೇ ಕಟ್ಟಿಕೊಳ್ಳುತ್ತಿತ್ತು, ರಕ್ತ ಬರಿದಾಗುತ್ತಿತ್ತು. ಮಗು ತಿನ್ನಲು ತೊಡಗಿ ಊತ ಇಳಿದರೆ ಬಣ್ಣ ಮೆಲ್ಲಗೆ ಏರುತ್ತಿತ್ತು. ನಡುವೆ ಇನ್ನೊಂದು ಸೋಂಕು ತಗುಲಿತೆಂದರೆ ಮತ್ತೆ ಕುಸಿಯುತ್ತಿತ್ತು. ಬಣ್ಣ ಕುಸಿದ ದಿನ ಸಾಬ್ರು ನನಗಾಗಿ ಕಾಯದೆ ನರ್ಸಿಗೆ ಹೇಳುತ್ತಿದ್ದರು: “ಆ ಮಗೂನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಮ್ಮ.”

ಕೆಂಚಾರ್ಲಹಳ್ಳಿ ಕಡೆಯಿಂದ ನೂಲಿನ ಕೆಲಸಕ್ಕೆ ಬಂದಿದ್ದ ಕುಟುಂಬದ ಗಂಡುಮಗು ಹಾಗೆ ಊದಿಕೊಂಡು ಬಂತು. ಮೊದಲ ವಾರ ಕಳೆದ ಮೇಲೆ ಗಂಜಿಗೆ ಒಂದೊಂದು ಚಮಚ ಕಡಲೆಕಾಯಿ ಎಣ್ಣೆ ಬೆರೆಸಲು ಹೇಳಿದೆ. ಅಜ್ಜಿ ಒಪ್ಪಲಿಲ್ಲ.

“ಅಮ್ಮ ಮೈಮೇಲೆ ಬಂದು ಹೋಗವ್ಳೆ. ಎಣ್ಣೆ ಸೋಕಿಸಿದ್ರೆ ಮುನಿಸ್ಕೊಳ್ತಾಳೆ” ಎಂದಳು.

ಸಾಬ್ರು ಅವಳ ಪಕ್ಕ ನೆಲದ ಮೇಲೆ ಕೂತರು. “ಅಮ್ಮ ಹೋಗಿ ಎಷ್ಟು ದಿನ ಆಯ್ತಜ್ಜಿ?”

“ಎರಡು ತಿಂಗಳಾಯ್ತೇನೋಪ್ಪ.”

“ಎರಡು ತಿಂಗಳಿಗೆ ಅವಳು ಎಷ್ಟು ಊರು ದಾಟಿರ್ತಾಳೆ! ನೀನು ಇಲ್ಲಿ ಎಣ್ಣೆ ಬಿಟ್ಟಿದ್ದು ಅವಳಿಗೆ ಹೆಂಗೆ ಗೊತ್ತಾಗ್ತದೆ? ನಾನೇ ಬಿಡ್ತೀನಿ. ಮುನಿಸ್ಕೊಂಡ್ರೆ ನನ್ನ ಮೇಲೆ ಮುನಿಸ್ಕೊಳ್ಳಿ. ನಂಗೆ ಮಾಡೋದು ಅವಳು ಆಗಲೇ ಮಾಡಿದಾಳೆ.”

ಅಜ್ಜಿ ಅವರ ಮುಖ ನೋಡಿದಳು, ಗಂಜಿಯ ಬಟ್ಟಲನ್ನು ಅವರತ್ತ ಸರಿಸಿದಳು. ಆ ಮಗು ಬದುಕಿತು, ನಡೆದುಕೊಂಡು ಮನೆಗೆ ಹೋಯಿತು. ಹಾಗೆ ನಡೆದುಕೊಂಡು ಹೋದ ಮಕ್ಕಳು ಇನ್ನೂ ಕೆಲವರಿದ್ದರು. ಹೋಗದವರು ಹೆಚ್ಚು.

ಇಷ್ಟರಲ್ಲಿ ನನಗೆ ಬೇರೆ ಆಸೆ ಹುಟ್ಟಿತ್ತು. ಇದನ್ನೆಲ್ಲ ಸರಿಯಾಗಿ ಅಳೆದು ಪ್ರಬಂಧ ಬರೆದರೆ, ಡಾಕ್ಟರುಗಳ ಸಭೆಯಲ್ಲಿ ಓದಿದರೆ, ನನಗೂ ಒಂದು ಹೆಸರಾಗುತ್ತದೆ. ಹಾಗೆ ಮಾಡಿದರೆ ನೂರಾರು ಮಕ್ಕಳಿಗೆ ಉಪಕಾರ ಎಂದು ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸಾಬ್ರ ಪರೀಕ್ಷೆಗೆ ಮಗುವಿನ ಬೆರಳಿಂದ ಹಿಂಡಿದ ಎರಡು ಹನಿ ಸಾಕಾಗುತ್ತಿತ್ತು. ನನಗೆ ರಕ್ತದ ಎಲ್ಲ ಬಗೆಯ ಕೊಬ್ಬೂ ಬೇರೆಬೇರೆಯಾಗಿ ಬೇಕಿತ್ತು. ಅದಕ್ಕೆ ಸಿರಿಂಜ್ ತುಂಬ ರಕ್ತ ತೆಗೆದು ಬೆಂಗಳೂರಿಗೆ ಕಳಿಸಬೇಕು, ಅದೂ ಮೂರು ದಿನಕ್ಕೊಮ್ಮೆ.

ಸಾಬ್ರು ಕೆಲವು ವಾರ ತೆಗೆದುಕೊಟ್ಟರು. ಆಮೇಲೆ ಚಿಂತಾಮಣಿ ರಸ್ತೆಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರ ಮಗು ಬಂತು. ಒಂದೂವರೆ ವರ್ಷದ ಗಂಡು. ಊತ, ಜೊತೆಗೆ ನ್ಯುಮೋನಿಯಾ. ರೆಪ್ಪೆ ಎಳೆದರೆ ಒಳಗೆ ಕಾಗದದ ಹಾಗೆ ಬಿಳುಪು. ನನ್ನ ಪ್ರಬಂಧಕ್ಕೆ ಇದಕ್ಕಿಂತ ಒಪ್ಪುವ ಮಗು ಸಿಗುವಂತಿರಲಿಲ್ಲ. ಎರಡು ಸಲ ತೆಗೆದಾಗಿತ್ತು. ಮೂರನೆಯ ಸಲಕ್ಕೆ ಚೀಟಿ ಕಳಿಸಿದೆ. ಸಾಬ್ರು ಚೀಟಿಯನ್ನು ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು.

“ಇದು ಆಗಲ್ಲ ಡಾಕ್ಟ್ರಮ್ಮ.”

“ಯಾಕೆ? ನರ ಸಿಗ್ತಿಲ್ವಾ?”

“ನರ ಸಿಗ್ತದೆ. ಅದರಲ್ಲಿ ಇರೋದೇ ಇಷ್ಟು. ಅದೂ ನೀರಾಗೈತೆ. ಎರಡು ಹನಿ ಬೇಕಾದ್ರೆ ಕೊಡ್ತೀನಿ. ಐದು ಸಿಸಿ ಕೊಡಲ್ಲ.”

“ಎರಡು ಹನಿಯಲ್ಲಿ ಏನು ಗೊತ್ತಾಗತ್ತೆ?”

“ಈ ಮಗೂಗೆ ಏನು ಮಾಡಬೇಕು ಅಂತ ಗೊತ್ತಾಗ್ತದೆ. ಉಳಿದದ್ದು ಯಾರಿಗೆ ಗೊತ್ತಾಗಬೇಕು?”

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನಿಜ ಹೇಳಿದ್ದರಿಂದಲೇ ಇರಬೇಕು. “ಡಾಕ್ಟರ್ ನಾನಾ, ನೀವಾ?” ಎಂದು ಕೂಗಿದೆ. ನರ್ಸುಗಳು ಬಾಗಿಲಿಗೆ ಬಂದರು. ಸಾಬ್ರು ತಲೆ ತಗ್ಗಿಸಲಿಲ್ಲ. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ ನಮಾಜಿಗೆ ಹೋದರು.

ಆ ಸಂಜೆ ಆಡಳಿತದವರಿಗೆ ಒಂದು ಕಾಗದ ಬರೆದೆ. ಲ್ಯಾಬಿನವರು ಡಾಕ್ಟರ ಆದೇಶ ಪಾಲಿಸುತ್ತಿಲ್ಲ, ಹೀಗಾದರೆ ನಾನು ಜವಾಬ್ದಾರಳಲ್ಲ. ಒಳ್ಳೆಯ ಭಾಷೆಯಲ್ಲಿ ಬರೆದಿದ್ದೆ. ಸಂಸ್ಥೆಯವರದೇ ಒಂದು ಸಣ್ಣ ಶಾಖೆ ಗೌರಿಬಿದನೂರಿನಲ್ಲಿತ್ತು. ಅದೇ ವಾರ ಸಾಬ್ರನ್ನು ಅಲ್ಲಿಗೆ ಹಾಕಿದರು. ಹುಟ್ಟಿದ ಕೇರಿ ಬಿಟ್ಟು ಹೆಂಡತಿ, ಕಿರಿಯ ಮಗಳನ್ನು ಕರೆದುಕೊಂಡು ಹೊರಟರು. ಹೋಗುವ ದಿನ ವಾರ್ಡಿಗೆ ಬಂದು ಇಟ್ಟಿಗೆ ಗೂಡಿನ ಮಗುವಿನ ಹಾಸಿಗೆಯ ಹತ್ತಿರ ನಿಂತಿದ್ದರು. ನಾನು ದೂರದಿಂದ ಕಂಡೆ. ಹತ್ತಿರ ಹೋಗಲಿಲ್ಲ.

ಅವರ ಜಾಗಕ್ಕೆ ಬಂದವನು ನಾನು ಕೇಳಿದಷ್ಟು ತೆಗೆದುಕೊಟ್ಟ. ಐದನೆಯ ದಿನ ಮಗು ಸತ್ತಿತು. ನ್ಯುಮೋನಿಯಾ ಎಂದು ಬರೆದೆ. ರಕ್ತ ತೆಗೆದದ್ದರಿಂದ ಸತ್ತಿತೆಂದು ಯಾರೂ ಹೇಳಲಾರರು. ಅಲ್ಲವೆಂದೂ ಹೇಳಲಾರರು. ನಾನು ಎರಡನ್ನೂ ಹೇಳಿಕೊಂಡು ನೋಡಿದ್ದೇನೆ.

ಪ್ರಬಂಧವನ್ನು ಓದಿದೆ. ಹಿರಿಯರು ಮೆಚ್ಚಿಕೊಂಡರು. ಹಾಲಿನಂತಹ ರಕ್ತವನ್ನು ಮೊದಲು ಗುರುತಿಸಿದವರು ಯಾರೆಂದು ಅದರಲ್ಲಿ ಇರಲಿಲ್ಲ. ಮರುವರ್ಷ ನನಗೆ ಚಿಕ್ಕಬಳ್ಳಾಪುರದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು.

ತೊಂಬತ್ತರ ಮೊದಲ ವರ್ಷಗಳಲ್ಲಿ ಒಂದು ಲಸಿಕೆ ಶಿಬಿರಕ್ಕೆಂದು ಗೌರಿಬಿದನೂರಿಗೆ ಹೋಗಬೇಕಾಯಿತು. ಅವರನ್ನು ನೋಡದೆ ಬರುವುದು ಹೇಡಿತನವೆನಿಸಿ ಶಾಖೆಗೆ ಹೋದೆ. ಬಾಗಿದ್ದು ಹೆಚ್ಚಾಗಿತ್ತು, ಕೋಟಿನ ತೂತುಗಳೂ ಹೆಚ್ಚಾಗಿದ್ದವು. ನನ್ನನ್ನು ಕಂಡು ಎದ್ದು ನಿಂತರು. ಕುರ್ಚಿ ಒರೆಸಿ ಕೂರಿಸಿದರು. ಹಳೆಯದನ್ನು ಯಾರೂ ಎತ್ತಲಿಲ್ಲ. ದಡಾರದ ಲಸಿಕೆ ಹಳ್ಳಿಗಳಿಗೆ ಬರುತ್ತಿರುವುದರ ಬಗ್ಗೆ ಖುಷಿಯಿಂದ ಮಾತಾಡಿದರು. ನಾನು ಹೊರಡಲು ಎದ್ದಾಗ ಕೇಳಿದರು.

“ಒಂದು ಮಾತು ಕೇಳಬೇಕು ಅಂತ ಎಷ್ಟೋ ದಿನದಿಂದ ಇತ್ತು. ಆ ಇಟ್ಟಿಗೆ ಗೂಡಿನ ಮಗು ಏನಾಯ್ತು?”

ಯಾರಾದರೂ ಇಷ್ಟರಲ್ಲಿ ಹೇಳಿರುತ್ತಾರೆ ಎಂದುಕೊಂಡಿದ್ದೆ. ಯಾರೂ ಹೇಳಿರಲಿಲ್ಲ. ಅವರ ಕಣ್ಣಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ.

“ಹುಷಾರಾಯ್ತು ಸಾಬ್ರೆ. ನಡ್ಕೊಂಡು ಮನೆಗೆ ಹೋಯ್ತು” ಎಂದೆ.

ಅವರು ಎರಡೂ ಕೈ ಮೇಲೆತ್ತಿ ದೇವರನ್ನು ನೆನೆದರು. ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದರು.

ಅವರು ತೀರಿಕೊಂಡ ಸುದ್ದಿ ತಿಳಿದದ್ದು ಅದಾಗಿ ನಾಲ್ಕೈದು ವರ್ಷದ ಮೇಲೆ. ಎದೆ ನೋವೆಂದು ಕೂತವರು ಏಳಲಿಲ್ಲವಂತೆ. ಮನೆ ಹುಡುಕಿಕೊಂಡು ಹೋದೆ. ವಿದುರಾಶ್ವತ್ಥದ ಕಡೆ ಹೋಗುವ ರಸ್ತೆಯ ಪಕ್ಕದ ಕೇರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ದನಿಯ ಹೆಂಗಸು.

“ನೀವೇನಾ ಡಾಕ್ಟ್ರಮ್ಮ!” ಎಂದು ನನ್ನ ಕೈ ಹಿಡಿದುಕೊಂಡರು. “ನಿಮ್ಮ ಮಾತು ಎಷ್ಟು ಆಡ್ತಿದ್ರು! ಅವತ್ತು ನೀವು ಬಂದು ಹೋದ ಮೇಲೆ ಮನೆಗೆ ಬಂದು ಅತ್ತುಬಿಟ್ರು. ಆ ಮಗು ಉಳೀತಂತೆ ಕಣೇ, ಡಾಕ್ಟ್ರಮ್ಮನೇ ಸರಿ, ನಾನೇ ತಪ್ಪು ತಿಳ್ಕೊಂಡು ಹಠ ಮಾಡಿಬಿಟ್ಟೆ, ದೊಡ್ಡ ಕೆಲಸಕ್ಕೆ ಅಡ್ಡ ನಿಂತೆ ಅಂತ. ಅಲ್ಲಿಂದ ಮುಂದೆ ಲ್ಯಾಬಲ್ಲಿ ಯಾರು ಎಷ್ಟು ಕೇಳಿದ್ರೂ ಇಲ್ಲ ಅಂತಿರಲಿಲ್ಲ. ನಂಗೇನು ಗೊತ್ತು, ಓದಿದೋರಿಗೆ ಗೊತ್ತು ಅನ್ನೋರು.”

ನಾನು ಚಹಾದ ಲೋಟ ಕೆಳಗಿಟ್ಟೆ. ಇಷ್ಟು ದಿನ ನನ್ನ ಸುಳ್ಳು ಅವರಿಗೆ ಒಂದಿಷ್ಟು ಸಮಾಧಾನ ಕೊಟ್ಟಿರುತ್ತದೆ ಎಂದುಕೊಂಡಿದ್ದೆ. ಇಲ್ಲ ಎನ್ನಬಲ್ಲ ಅವರ ಗಟ್ಟಿತನವನ್ನೇ ನಾನು ಮುರಿದು ಬಂದಿದ್ದೆ. ಆಮೇಲೆ ಎಷ್ಟು ಮಕ್ಕಳಿಗೆ ಅವರು ಇಲ್ಲವೆನ್ನದೆ ಸೂಜಿ ಚುಚ್ಚಿದರೋ.

“ಅಮ್ಮ, ಆ ಮಗು ಉಳೀಲಿಲ್ಲ” ಎಂದೆ. “ಅವರು ಹೋದ ಐದನೇ ದಿನಕ್ಕೆ ಸತ್ತಿತು. ನಾನು ಅವರಿಗೆ ಸುಳ್ಳು ಹೇಳಿದೆ.”

ಅವರು ನನ್ನ ಕೈ ಬಿಟ್ಟರು. ಹೊರಗೆ ಯಾರೋ ಕೊಡಕ್ಕೆ ನೀರು ಹಿಡಿಯುತ್ತಿದ್ದರು. ಕೊಡ ತುಂಬಿ ಹರಿಯಿತು.

“ಹಂಗಾದ್ರೆ ಅವರು ಹೇಳಿದ್ದೇ ಸರಿ ಇತ್ತಾ?”

“ಸರಿ ಇತ್ತಮ್ಮ.”

ಆಕೆ ಒಳಗಿನ ಕೋಣೆಯ ಕಡೆ ತಿರುಗಿ ಉರ್ದುವಿನಲ್ಲಿ ಮಗಳನ್ನು ಕರೆದರು. ಮಗಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

“ಇನ್ನೊಂದ್ಸಲ ಹೇಳಿ ಡಾಕ್ಟ್ರಮ್ಮ,” ಎಂದರು ಸಾಬ್ರ ಹೆಂಡತಿ. “ಇವಳೂ ಕೇಳಲಿ.”

ನಾನು ಎದ್ದು ನಿಂತು ಇನ್ನೊಂದು ಸಲ ಹೇಳಿದೆ.